ಚುಕ್ಕೆ, ಗೆರೆ ಸುಮ್ನೆ ಅಲ್ಲ

ವಿರಾಮ ಚಿಹ್ನೆಗಳು ಇಂಗ್ಲಿಷಿನಿಂದ ಬಂದ ಅಲಂಕಾರ, ಕನ್ನಡಕ್ಕೆ ಅಷ್ಟೇನೂ ಬೇಕಿಲ್ಲ ಎಂದು ಕೆಲವರು ಹೇಳುತ್ತಾರೆ. ಅರ್ಧ ಒಪ್ಪುತ್ತೇನೆ. ಓಲೆಗರಿಯಲ್ಲಿ ಪದಗಳ ನಡುವೆ ಜಾಗವೂ ಇರುತ್ತಿರಲಿಲ್ಲ. 'ಮಳೆ ಬಂದು ರಸ್ತೆ ಕೆಟ್ಟಿತು' ಎಂದರೆ ಆ 'ಬಂದು' ಒಂದೇ ಎರಡು ಮಾತನ್ನೂ ಹೊಲಿದುಬಿಡುತ್ತದೆ. ಕಾಮಾ ಯಾಕೆ ಬೇಕು, ಅಲ್ವಾ?

ಆದರೆ ಈ ಸಾಲು ನೋಡಿ: 'ಅವನು ಕೆಲಸ ಬಿಟ್ಟ. ಅಮ್ಮನಿಗೆ ಹುಷಾರಿಲ್ಲ.' ಎರಡು ಬೇರೆ ಬೇರೆ ಸುದ್ದಿ ಅನಿಸಬಹುದು. 'ಅವನು ಕೆಲಸ ಬಿಟ್ಟ: ಅಮ್ಮನಿಗೆ ಹುಷಾರಿಲ್ಲ' ಎಂದು ಬರೆಯಿರಿ. ಈಗ ಎರಡನೆಯದು ಮೊದಲನೆಯದಕ್ಕೆ ಕಾರಣ. 'ಯಾಕೆಂದರೆ' ಅನ್ನುವ ಪದವನ್ನೇ ಆ ಎರಡು ಚುಕ್ಕೆ ಉಳಿಸಿತು. ಅರ್ಧವಿರಾಮ (;) ಹಾಕಿದರೆ ಎರಡೂ ಅಕ್ಕಪಕ್ಕ ಕೂರುತ್ತವೆ. ನಂಟನ್ನು ಓದುವವರೇ ಊಹಿಸಬೇಕು. ನನಗೆ ಇದೇ ಜಾಸ್ತಿ ಇಷ್ಟ. ನಮ್ಮಲ್ಲಿ ಇದನ್ನು ಬಳಸುವವರೇ ಕಡಿಮೆ.

ಮೊನ್ನೆ ನೆಂಟರೊಬ್ಬರು ಮೆಸೇಜ್ ಕಳಿಸಿದರು: 'ನಾವು ಬರ್ತೀವಿ ರಾತ್ರಿ ಊಟ ಬೇಡ'. ರಾತ್ರಿ ಬರುತ್ತಾರೆ, ಊಟ ಮಾಡಿಕೊಂಡೇ ಬರುತ್ತಾರೆ ಎಂದುಕೊಂಡು ಮಧ್ಯಾಹ್ನ ಹಾಯಾಗಿ ಮಲಗಿದ್ದೆ. ನಾಲ್ಕು ಗಂಟೆಗೇ ಬಾಗಿಲು ತಟ್ಟಿದರು! 'ಬರ್ತೀವಿ' ಆದ ಮೇಲೆ ಒಂದು ಕಾಮಾ ಇದ್ದಿದ್ದರೆ ಕಾಫಿಗೆ ಹಾಲಾದರೂ ತಂದಿಡುತ್ತಿದ್ದೆ.