ಕಾಕಾನ ಪಿಕಪ್ಪಿಗೆ ಇನ್ನೊಂದು ಪಾಟಾ

ನಮ್ಮ ಇಂಡಿ ಕಡೆ ಪಿಕಪ್ ಗಾಡಿಯ ವಯಸ್ಸು ತಿಳಿಯಲು ಆರ್‌ಸಿ ಬುಕ್ ಬೇಕಿಲ್ಲ. ಖಾಲಿ ಗಾಡಿಯನ್ನು ಪಕ್ಕದಿಂದ ನೋಡಿದರೆ ಸಾಕು. ಹೊಸದಾದರೆ ಹಿಂಭಾಗ ಎತ್ತಿಕೊಂಡು ನಿಂತಿರುತ್ತದೆ. ಹಳೆಯದಾದರೆ ಹಿಂದೆ ಮುಂದೆ ಸಮ. ತೀರಾ ಹಳೆಯದಾದರೆ ಹಿಂದೆ ಕೂತೇಬಿಟ್ಟಿರುತ್ತದೆ, ಹೆಡ್‌ಲೈಟ್ ಚುಕ್ಕಿ ಎಣಿಸುತ್ತಿರುತ್ತದೆ. ಕಾಕಾನ ಗಾಡಿ ಈ ಮೂರನೆಯ ಪೈಕಿ. ರಾತ್ರಿ ಎದುರಿಗೆ ಬರುವ ಲಾರಿಯವರೆಲ್ಲ ಸಿಟ್ಟಿನಿಂದ ಡಿಪ್ಪರ್ ಹೊಡೆಯುತ್ತಿದ್ದರು. ಕಾಕಾ ಅದನ್ನು ನಮಸ್ಕಾರ ಎಂದುಕೊಂಡು ತಾನೂ ಹೊಡೆಯುತ್ತಿದ್ದ.

ಹೀಗೆ ಕೂತುಬಿಡುವುದು ಹಿಂದಿನ ಪಾಟಾ. ಗಾಡಿಯ ಭಾರ ಹೊತ್ತು ಸ್ಪ್ರಿಂಗಿನಂತೆ ಬಗ್ಗುವ ಉಕ್ಕಿನ ಪಟ್ಟಿಗಳ ಒಂದು ಕಟ್ಟು ಅದು. ಕೆಳಗಿಳಿದಂತೆ ಪಟ್ಟಿ ಗಿಡ್ಡಾಗುತ್ತ ಹೋಗುತ್ತದೆ. ಮೇಲಿನದು ಮೇನ್ ಪಾಟಾ. ಅದರ ತುದಿಗಳಲ್ಲಿ ಸುರುಳಿ, ಸುರುಳಿಯೊಳಗೆ ಬುಷ್. ನಡುವೆ ಸೆಂಟರ್ ಬೋಲ್ಟ್, ಚಕ್ರಗಳ ಅಡ್ಡ ದಂಡವಾದ ಆಕ್ಸಲ್ಲಿಗೆ ಬಿಗಿಯಲು ಯು-ಬೋಲ್ಟ್. ವಿಜಯಪುರಕ್ಕೆ ಹೋದಾಗ ಟಾಂಗಾದ ಕೆಳಗೆ ಬಗ್ಗಿ ನೋಡಿ, ಇದರದೇ ಸಣ್ಣ ರೂಪ ಸಿಗುತ್ತದೆ. ಕಾರುಗಳು ಹೆಚ್ಚಾಗಿ ಸುರುಳಿ ಸ್ಪ್ರಿಂಗಿನ ಕಡೆ ಹೋದವು. ಭಾರ ಹೊರುವ ಗಾಡಿಗಳು ಪಾಟಾ ಬಿಡಲಿಲ್ಲ. ಅದು ಭಾರವನ್ನೂ ಹೊರುತ್ತದೆ, ಆಕ್ಸಲ್ ಅತ್ತಿತ್ತ ಸರಿಯದಂತೆಯೂ ಹಿಡಿಯುತ್ತದೆ. ಎರಡಾಳಿನ ಕೆಲಸ ಒಬ್ಬನೇ ಮಾಡಿದರೆ ಅವನನ್ನು ಯಾರು ಬಿಡುತ್ತಾರೆ?

ನಮ್ಮ ರಸ್ತೆಗಳೂ ಪಾಟಾದ ಮೇಲೆ ಕರುಣೆ ತೋರಿಸುವುದಿಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಮೇಲೆ ಹಾಕಿದ ಡಾಂಬರು ಅದರ ಜೊತೆಗೇ ಏಳುತ್ತದೆ, ಬೀಳುತ್ತದೆ. ಅದರ ಮೇಲೆ ನಿಂಬೆ ಚೀಲ ಪೇರಿಸಿಕೊಂಡು ಓಡಬೇಕು. ಇಂಡಿ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಸಿಕ್ಕಿತು. ಅದನ್ನು ಮಾರ್ಕೆಟ್ಟಿಗೆ ಹೊರುವ ಗಾಡಿಗಳಿಗೆ ಒಂದು ಹಾರವೂ ಬೀಳಲಿಲ್ಲ.

ಗ್ಯಾರೇಜಿನಲ್ಲಿ ಕಾಕಾ ನಿಂತ ಕಾಲಮೇಲೆ ಹೇಳಿದ: "ಎರಡ ದಪ್ಪನ್ನ ಪಾಟಾ ಹಾಕಿಬಿಡ್ರಿ ಮಿಸ್ತ್ರಿ. ಎಷ್ಟ ಹೇರಿದ್ರೂ ಬಗ್ಗಬಾರದು."

ಮಿಸ್ತ್ರಿ ಗಾಡಿಯ ಕೆಳಗಿನಿಂದಲೇ ಕೇಳಿದ: "ಪಾಟಾ ಹಾಕತೀನ್ರಿ ಸಾಹುಕಾರ್ರ. ಬ್ರೇಕಿಗೆ ಏನ್ ಹಾಕೂದು?"

ಕಾಕಾ ಸುಮ್ಮನಾದ. ಪಾಟಾ ಗಟ್ಟಿಯಾದ ಮಾತ್ರಕ್ಕೆ ಆಕ್ಸಲ್, ಟೈರು, ಬ್ರೇಕು ಯಾವುದೂ ಗಟ್ಟಿಯಾಗುವುದಿಲ್ಲ. ಆರ್‌ಸಿಯಲ್ಲಿ ಬರೆದ ತೂಕವಂತೂ ಒಂದು ಕಿಲೋ ಏರುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಅಷ್ಟು ನಿಂಬೆಹಣ್ಣು ಮಾರಿದರೂ ಅಷ್ಟು ಲಾಭ ಬರಲಿಕ್ಕಿಲ್ಲ.

ದಪ್ಪ ಪಾಟಾಕ್ಕೂ ಮಿಸ್ತ್ರಿ ಒಪ್ಪಲಿಲ್ಲ. ಅವನು ಲೆಕ್ಕ ಹಾಕಿ ಹೇಳಿದ್ದಲ್ಲ, ಕೈ ಅನುಭವ. ಆದರೆ ಲೆಕ್ಕವೂ ಅವನ ಪರವಾಗಿಯೇ ಇದೆ. ಪಟ್ಟಿಯ ಬಿಗಿ, ಅಂದರೆ ಬಗ್ಗದೆ ತಡೆಯುವ ಗುಣ, ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 8 ಮಿಲಿಮೀಟರ್ ಪಟ್ಟಿಯ ಜಾಗಕ್ಕೆ 10 ಮಿಲಿಮೀಟರಿನದು ಬಂದರೆ ಬಿಗಿ ಸುಮಾರು ಎರಡು ಪಟ್ಟು! ಕಣ್ಣಿಗೆ ಕಾಣುವ ವ್ಯತ್ಯಾಸ ಉಗುರಿನಷ್ಟೂ ಇಲ್ಲ, ಸೊಂಟಕ್ಕೆ ಮಾತ್ರ ಪೂರ್ತಿ ತಿಳಿಯುತ್ತದೆ.

ನಿಜವಾದ ತೊಡಕು ಇಲ್ಲಿದೆ. ಪಿಕಪ್ ಎಂದರೆ ಎರಡು ಸಂಸಾರ ನಡೆಸುವವನ ಹಾಗೆ. ಹೋಗುವಾಗ ಲೋಡು, ಬರುವಾಗ ಖಾಲಿ. ಲೋಡಿಗೆ ಹೊಂದಿದ ಪಾಟಾ ಖಾಲಿ ಗಾಡಿಯನ್ನು ಪುಟಿಸುತ್ತದೆ. ಖಾಲಿಗೆ ಹೊಂದಿದ್ದು ಲೋಡಿಗೆ ಕೂರುತ್ತದೆ. ಒಬ್ಬರನ್ನು ಓಲೈಸಿದರೆ ಇನ್ನೊಬ್ಬರ ಮುಖ ಊದುತ್ತದೆ. ಮಿಸ್ತ್ರಿ ಕೊನೆಗೆ ಹಳೆ ಪಾಟಾಗಳನ್ನು ಬಿಚ್ಚಿ ಮತ್ತೆ ಕಮಾನು ಕೊಡಿಸಿದ. ಮುರಿದದ್ದನ್ನು ಬದಲಿಸಿದ. ಎಲ್ಲಕ್ಕಿಂತ ಕೆಳಗೆ ಒಂದು ಗಿಡ್ಡ, ನೇರ ಪಟ್ಟಿ ಸೇರಿಸಿದ. ಖಾಲಿ ಇದ್ದಾಗ ಅದು ಸುಮ್ನೆ ಇರುತ್ತದೆ. ಭಾರ ಬಿದ್ದು ಮೇಲಿನವು ಬಗ್ಗಿದಾಗ ಮಾತ್ರ ಕೆಲಸಕ್ಕೆ ಇಳಿಯುತ್ತದೆ. ಮದುವೆ ಮನೆಯಲ್ಲಿ ಇಂಥ ಒಬ್ಬ ನೆಂಟ ಇದ್ದರೆ ಎಷ್ಟು ಚೆನ್ನ, ಅಲ್ವಾ? ಯು-ಬೋಲ್ಟ್ ಮಾತ್ರ ಹಳೆಯದು ಬೇಡವೆಂದ. ಒಮ್ಮೆ ಬಿಗಿದು ಹಿಗ್ಗಿದ್ದು ಮತ್ತೆ ಅಷ್ಟು ಹಿಡಿಯುವುದಿಲ್ಲವಂತೆ. ಸ್ವಲ್ಪ ಓಡಿಸಿದ ಮೇಲೆ ತಂದು ನಟ್ಟು ಮತ್ತೆ ಬಿಗಿಸಿಕೊಳ್ಳಬೇಕೆಂದ. ಹೆಡ್‌ಲೈಟನ್ನು ನೆಲದ ಕಡೆ ತಿರುಗಿಸಿದ್ದೂ ಅವನೇ.

ಮುರಿದ ತುಂಡುಗಳನ್ನು ಕಾಕಾ ಗುಜರಿಗೆ ಕೊಡಲಿಲ್ಲ. ಪಾಟಾದ ಉಕ್ಕು ಎಂದರೆ ಕಮ್ಮಾರರಿಗೆ ಹಬ್ಬ. ಒಳ್ಳೆ ಕುಡಗೋಲು, ಕೊಡಲಿ ಅದರಿಂದಲೇ ಆಗುತ್ತವೆ. ನಮ್ಮ ಮನೆಯ ಕುಡಗೋಲಿಗೂ ಸಾಕಷ್ಟು ಕಿಲೋಮೀಟರ್ ಓಡಿದ ಅನುಭವ ಇದೆ.

ಈಗ ಲೋಡ್ ಹಾಕಿದರೆ ಗಾಡಿ ಸಮ ನಿಲ್ಲುತ್ತದೆ, ಕಾಕಾ ಖುಷಿ. ಖಾಲಿ ಇದ್ದಾಗ ಮೊದಲಿಗಿಂತ ತುಸು ಜಾಸ್ತಿ ಎಗರುತ್ತದೆ. ಎಷ್ಟಾದರೂ ಕಮಾನು ಮರಳಿ ಬಂದಿದೆಯಲ್ಲ. ಕಾಕು ಕ್ಯಾಬಿನ್ನಿನಲ್ಲಿ ಕೂತರೆ ರಸ್ತೆಯ ಒಂದೊಂದು ಉಬ್ಬಿಗೂ ಮಿಸ್ತ್ರಿಯ ಹೆಸರು ಹಿಡಿದು ಬೈಯುತ್ತಾಳೆ. ಅದಕ್ಕೆ ಕಾಕಾ ದಾರಿ ಕಂಡುಕೊಂಡಿದ್ದಾನೆ. ಅವಳನ್ನು ಎಲ್ಲಿಗಾದರೂ ಕರೆದೊಯ್ಯುವ ದಿನ ಹಿಂದೆ ನಾಲ್ಕೈದು ಚೀಲ ಹಿಂಡಿ ಹೇರುತ್ತಾನೆ. ಭಾರ ಬಿದ್ದರೆ ಗಾಡಿ ಎಗರುವುದು ಕಡಿಮೆಯಾಗುತ್ತದೆ. ಹೀಗಾಗಿ ಆ ಚೀಲಗಳಿಗೆ ಬಾದಾಮಿ ಬನಶಂಕರಿಯ ಜಾತ್ರೆ ಆಗಿದೆ, ಸವದತ್ತಿ ಎಲ್ಲಮ್ಮನ ಗುಡ್ಡ ಆಗಿದೆ. ಎಮ್ಮೆಯ ಬಾಯಿಗೆ ಮಾತ್ರ ಇನ್ನೂ ಸಿಕ್ಕಿಲ್ಲ.