ಇಲ್ಲ, ಇರಲಿಲ್ಲ

ಕಳೆದ ತಿಂಗಳವರೆಗೆ ನಮ್ಮ ಮನೆಯಲ್ಲಿ ಇಂಟರ್ನೆಟ್ ಇತ್ತು. ಈ ವಾಕ್ಯವನ್ನು ಬರೆಯುವುದಕ್ಕೂ ನನಗೀಗ ಸ್ವಲ್ಪ ಧೈರ್ಯ ಬೇಕಾಗುತ್ತಿದೆ. ಏಕೆಂದರೆ ಏಳು ವರ್ಷ ಅದನ್ನು ನನಗೆ ಒದಗಿಸಿದ ಸಂಸ್ಥೆಯೇ ಈಗ ಅದನ್ನು ಒಪ್ಪುತ್ತಿಲ್ಲ.

ನಡೆದದ್ದು ಇಷ್ಟು. ಸಂಪರ್ಕದ ವೇಗ ಸಾಲದೆಂದು ದೂರಲು ಫೋನ್ ಮಾಡಿದ ನನಗೆ, ಆ ಕಡೆಯ ವಿನಯದ ದನಿಯೊಂದು, ಹಳೆಯ ಯೋಜನೆಯನ್ನು ರದ್ದುಪಡಿಸಿ ಹೊಸದಕ್ಕೆ ಅರ್ಜಿ ಹಾಕಿಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ಸಲಹೆ ನೀಡಿತು. ರದ್ದುಪಡಿಸುವ ಕೆಲಸ ಎರಡೇ ನಿಮಿಷದಲ್ಲಿ ಮುಗಿಯಿತು. ಆ ಸಂಸ್ಥೆಯಲ್ಲಿ ಯಾವ ಕೆಲಸವೂ ಅಷ್ಟು ಚುರುಕಾಗಿ ನಡೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲವಾದ್ದರಿಂದ ಆಗಲೇ ಅನುಮಾನಪಡಬೇಕಿತ್ತು. ಸಂಜೆ ಮೊಬೈಲಿನಲ್ಲಿ ಹೊಸ ಅರ್ಜಿಯನ್ನು ತೆರೆದು, ವಿಳಾಸ ತುಂಬಿ, ಗುಂಡಿ ಒತ್ತಿದಾಗ ಬಂದ ಉತ್ತರ ಒಂದೇ ಸಾಲಿನದು: ‘ಕ್ಷಮಿಸಿ, ಈ ವಿಳಾಸದಲ್ಲಿ ನಮ್ಮ ಸೇವೆ ಲಭ್ಯವಿಲ್ಲ.’

ಮತ್ತೆ ಫೋನ್ ಮಾಡಿದೆ. ಬೆಳಿಗ್ಗೆಯವರೆಗೆ ಇತ್ತಲ್ಲ ಎಂದೆ. ದಾಖಲೆಯ ಪ್ರಕಾರ ಲಭ್ಯವಿಲ್ಲ ಎಂದರು. ಹಾಗಾದರೆ ಏಳು ವರ್ಷ ನಾನು ತಪ್ಪದೆ ಬಿಲ್ಲು ಕಟ್ಟಿದ್ದು ಯಾವುದಕ್ಕೆ ಎಂದು ಕೇಳಿದೆ. ಬಿಲ್ಲಿನ ವಿಚಾರಕ್ಕೆ ಬೇರೆ ವಿಭಾಗವಿದೆ, ಅಲ್ಲಿಗೆ ವರ್ಗಾಯಿಸಲೇ ಎಂದರು. ವರ್ಗಾಯಿಸಿದರು. ಅಲ್ಲಿ ಸಂಗೀತವಿತ್ತು, ಮನುಷ್ಯರಿರಲಿಲ್ಲ.

ಇದರ ಹಿಂದಿನ ತಾಂತ್ರಿಕ ರಹಸ್ಯವನ್ನು ನನಗೆ ಬಿಡಿಸಿ ಹೇಳಿದವನು ಹಿಂದೆ ತಂತಿ ಸರಿಮಾಡಲು ಬರುತ್ತಿದ್ದ ಹುಡುಗ. ಬೀದಿಯ ಮೂಲೆಯಲ್ಲಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಪೋರ್ಟುಗಳು, ಅಂದರೆ ಮನೆಮನೆಯ ತಂತಿಯನ್ನು ಸಿಕ್ಕಿಸುವ ಕಿಂಡಿಗಳು, ಎಣಿಕೆಗೆ ಇಷ್ಟೇ ಎಂದು ಇರುತ್ತವೆ. ತಾಮ್ರದ ತಂತಿಯ ಕಾಲ ಮುಗಿಯುತ್ತ ಬಂದಿರುವುದರಿಂದ ಯಾರೂ ಅವನ್ನು ಹೆಚ್ಚಿಸುವ ಗೋಜಿಗೆ ಹೋಗುವುದಿಲ್ಲ. ಎಲ್ಲರ ಹಣವೂ ಗಮನವೂ ಇನ್ನೂ ನಮ್ಮ ಬೀದಿಗೆ ಬಾರದ ಫೈಬರಿನ ಮೇಲೆ. ನಾನು ರದ್ದು ಎಂದ ಗಳಿಗೆಯಲ್ಲಿ ನನ್ನ ಪೋರ್ಟು ತೆರವಾಯಿತು, ಸರದಿಯಲ್ಲಿ ಕಾದಿದ್ದ ಇನ್ನಾರಿಗೋ ಹೋಯಿತು. ಸೀಟು ಬಿಟ್ಟೆದ್ದವನಿಗೆ ಸೀಟಿಲ್ಲ, ಅಷ್ಟೇ. ನನ್ನ ಮನೆಯ ಗೋಡೆಯವರೆಗೆ ತಂತಿ ಈಗಲೂ ಬಂದು ನಿಂತಿದೆ. ಅದರ ಇನ್ನೊಂದು ತುದಿಗೆ ಮಾತ್ರ ಒರಗಲು ಜಾಗವಿಲ್ಲ.

ಇಷ್ಟೇ ಆಗಿದ್ದರೆ ನಾನು ಸುಮ್ಮನಾಗುತ್ತಿದ್ದೆ. ನನ್ನನ್ನು ಕೆರಳಿಸಿದ್ದು ಆ ‘ಲಭ್ಯವಿಲ್ಲ’ ಎಂಬ ಪದ. ಅದರ ನಿಜವಾದ ಅರ್ಥವೇನೆಂಬುದನ್ನು ಈ ಬರಹ ಮುಗಿಯುವುದರೊಳಗೆ ನಿರ್ಧರಿಸಿಯೇ ತೀರುತ್ತೇನೆ. ನಮ್ಮ ‘ಇಲ್ಲ’ ಬಹಳ ಜಾಣ ಪದ. ಎಂದಿನಿಂದ ಇಲ್ಲ, ಎಲ್ಲಿಯವರೆಗೆ ಇಲ್ಲ ಎಂಬುದನ್ನು ಅದು ಎಂದೂ ಬಾಯಿ ಬಿಟ್ಟು ಹೇಳುವುದಿಲ್ಲ. ನಿನ್ನೆ ತೀರಿಹೋದದ್ದೂ ಇಲ್ಲ, ಎಂದೂ ಹುಟ್ಟದೇ ಇದ್ದದ್ದೂ ಇಲ್ಲ. ಈ ತೊಡಕನ್ನು ನಮ್ಮ ತಾರ್ಕಿಕರು ಬಹಳ ಹಿಂದೆಯೇ ಕಂಡುಕೊಂಡು, ಇಲ್ಲದಿರುವುದರಲ್ಲಿ ನಾಲ್ಕು ಬಗೆ ಎಂದು ವಿಂಗಡಿಸಿಟ್ಟರು. ಮಡಕೆ ಆಗುವ ಮೊದಲು ಅದು ಮಣ್ಣಿನಲ್ಲಿ ಇಲ್ಲದಿರುವುದು ಪ್ರಾಗಭಾವ. ಒಡೆದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ. ಗಾಳಿಯಲ್ಲಿ ಬಣ್ಣ ಇಲ್ಲದಂತೆ ಎಂದೆಂದಿಗೂ ಇಲ್ಲದಿರುವುದು ಅತ್ಯಂತಾಭಾವ. ಮಡಕೆ ಬಟ್ಟೆಯಲ್ಲ ಎನ್ನುವುದು ಅನ್ಯೋನ್ಯಾಭಾವ. ನನ್ನದು ಅಪ್ಪಟ ಪ್ರಧ್ವಂಸಾಭಾವ, ಮಡಕೆ ನನ್ನ ಕೈಯಲ್ಲೇ ಒಡೆದಿದೆ. ಸಂಸ್ಥೆಯವರು ಅದನ್ನು ಅತ್ಯಂತಾಭಾವದ ಖಾತೆಗೆ ಬರೆದುಕೊಂಡು ಕೈತೊಳೆದುಕೊಂಡಿದ್ದಾರೆ. ಕಳೆದುಕೊಂಡವನಿಗೆ ‘ನಿನ್ನ ಬಳಿ ಇರಲೇ ಇಲ್ಲ’ ಎನ್ನುವುದಕ್ಕಿಂತ ದೊಡ್ಡ ಕಿರುಕುಳವನ್ನು ನಾನು ಕಾಣೆ.

ಈ ಕಿರುಕುಳಕ್ಕೆ ಹಳೆಯ ಪರಂಪರೆಯೇ ಇದೆ ಎಂಬುದೊಂದು ಸಮಾಧಾನ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊತ್ತಮೊದಲ ಟೆಲಿಗ್ರಾಫ್ ತಂತಿಯನ್ನು ಹಾಸಿದರು. ಅಗಮೆಮ್ನಾನ್ ಮತ್ತು ನಯಾಗರಾ ಎಂಬ ಎರಡು ಹಡಗುಗಳು ತಲಾ ಅರ್ಧ ತಂತಿಯನ್ನು ಹೊತ್ತು ಸಾಗರದ ನಡುವೆ ಸಂಧಿಸಿ, ತುದಿಗಳನ್ನು ಬೆಸೆದು, ಒಂದು ಐರ್ಲೆಂಡಿನ ಕಡೆಗೂ ಇನ್ನೊಂದು ನ್ಯೂಫೌಂಡ್‌ಲೆಂಡಿನ ಕಡೆಗೂ ತಂತಿ ಬಿಡುತ್ತ ಹೊರಟವು. ಆಗಸ್ಟ್ 5ಕ್ಕೆ ಎರಡು ತುದಿಗಳೂ ದಡ ಸೇರಿದವು. ಆಗಸ್ಟ್ 16ರಂದು ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬ್ಯುಕ್ಯಾನನ್ ಅವರಿಗೆ 98 ಪದಗಳ ಸಂದೇಶ ಕಳುಹಿಸಿದಳು. ಅದು ಆಚೆ ಮುಟ್ಟಲು ಸುಮಾರು 16 ಗಂಟೆ ಹಿಡಿಯಿತು. ನನ್ನ ಹಳೆಯ ಸಂಪರ್ಕವೂ ಮಳೆಗಾಲದಲ್ಲಿ ಹೆಚ್ಚುಕಡಿಮೆ ಇದೇ ವೇಗದಲ್ಲಿ ನಡೆಯುತ್ತಿದ್ದುದರಿಂದ ನನಗೆ ಇದರಲ್ಲಿ ನಗುವಂಥದ್ದೇನೂ ಕಾಣಿಸುವುದಿಲ್ಲ. ನ್ಯೂಯಾರ್ಕಿನಲ್ಲಿ ಸಂಭ್ರಮ ಎಷ್ಟಿತ್ತೆಂದರೆ ಪಟಾಕಿಯ ಕಿಡಿಗೆ ನಗರ ಸಭಾಭವನದ ಗೋಪುರಕ್ಕೇ ಬೆಂಕಿ ಹತ್ತಿಕೊಂಡಿತು. ಟಿಫನಿ ಎಂಬ ಆಭರಣ ವ್ಯಾಪಾರಿಗಳು ಮಿಕ್ಕಿದ್ದ ತಂತಿಯನ್ನು ಕೊಂಡು ನಾಲ್ಕು ನಾಲ್ಕು ಅಂಗುಲದ ತುಂಡುಗಳಾಗಿ ಕತ್ತರಿಸಿ ಸ್ಮರಣಿಕೆಯಾಗಿ ಮಾರಿದರು.

ಆ ತಂತಿ ಬದುಕಿದ್ದು ಮೂರೇ ವಾರ. ಹೊದಿಕೆಯ ಗಟಾಪರ್ಚಾ, ರಬ್ಬರಿನಂಥ ಮರದ ಅಂಟು, ಮೊದಲೇ ದೋಷದ್ದಾಗಿತ್ತು. ಅದರ ಮೇಲೆ, ಆ ತಂತಿ ಹಾಸಿದ ಸಂಸ್ಥೆಯ ವಿದ್ಯುತ್ ತಜ್ಞರಾಗಿದ್ದ ವೈಲ್ಡ್‌ಮನ್ ವೈಟ್‌ಹೌಸ್ ಎಂಬವರು, ಮೂಲದಲ್ಲಿ ವೈದ್ಯರು, ಸಂಕೇತ ಕ್ಷೀಣಿಸಿದಷ್ಟೂ ಒತ್ತಡ ಹೆಚ್ಚಿಸಬೇಕೆಂಬ ಹಟದಿಂದ ಅದಕ್ಕೆ ಸುಮಾರು 2,000 ವೋಲ್ಟ್ ಉಣಿಸಿದರು. ಕೇಳಿಸದವನಿಗೆ ಇನ್ನಷ್ಟು ಕಿರುಚುವ ಸಂಪ್ರದಾಯದವರು. ಕ್ಷೀಣ ವಿದ್ಯುತ್ತನ್ನೂ ಗುರುತಿಸುವ ಸೂಕ್ಷ್ಮವಾದ ಕನ್ನಡಿ ಗ್ಯಾಲ್ವನೋಮೀಟರನ್ನು ಮಾಡಿಕೊಟ್ಟು, ಪಿಸುಮಾತನ್ನೇ ಕಿವಿಗೊಟ್ಟು ಕೇಳೋಣ ಎಂದ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಅವರ ವಿಧಾನ ವೈಟ್‌ಹೌಸರಿಗೆ ಹಿಡಿಸಲಿಲ್ಲ. ಸೆಪ್ಟೆಂಬರ್ ಆರಂಭದ ಹೊತ್ತಿಗೆ ತಂತಿ ಮಾತು ನಿಲ್ಲಿಸಿತು.

ನನಗೆ ಮುಖ್ಯವಾದದ್ದು ಇದರ ನಂತರದ ಕಥೆ. ತಂತಿ ಸತ್ತದ್ದೇ ತಡ, ಅದು ಬದುಕಿಯೇ ಇರಲಿಲ್ಲ ಎಂಬ ಮಾತು ಎದ್ದಿತು. ರಾಣಿಯ ಸಂದೇಶ ಕಟ್ಟುಕಥೆ, ಇಡೀ ಪ್ರಕರಣ ಷೇರು ಮಾರಲು ಹೂಡಿದ ಮೋಸ ಎಂದವರೂ ಇದ್ದರು. ಮೂರು ಸಾವಿರ ಕಿಲೋಮೀಟರಿಗೂ ಉದ್ದವಾದ ತಂತಿ ಸಾಗರದ ತಳದಲ್ಲಿ ಬಿದ್ದಿರುವಾಗಲೇ ಅದು ‘ಇಲ್ಲ’ದಿಂದ ‘ಇರಲಿಲ್ಲ’ಕ್ಕೆ ಜಾರಿತು. ಅದೃಷ್ಟವಶಾತ್ ಒಂದು ಪುರಾವೆ ಉಳಿದಿತ್ತು. ಭಾರತದ 1857ರ ದಂಗೆಯನ್ನು ಅಡಗಿಸಲೆಂದು ಕೆನಡಾದಿಂದ ಹೊರಡಬೇಕಾಗಿದ್ದ ಎರಡು ರೆಜಿಮೆಂಟುಗಳಿಗೆ, ಇನ್ನು ಹೊರಡಬೇಕಿಲ್ಲ ಎಂಬ ಆದೇಶ ಆಗಸ್ಟ್ ಕೊನೆಯಲ್ಲಿ ಇದೇ ತಂತಿಯ ಮೂಲಕ ಹೋಗಿ, ಬ್ರಿಟಿಷ್ ಸರ್ಕಾರಕ್ಕೆ ಸುಮಾರು 50,000 ಪೌಂಡ್ ಉಳಿಸಿತ್ತು. ಹಡಗು ಹತ್ತಬೇಕಿದ್ದವರು ಹತ್ತಲಿಲ್ಲ. ಇರದಿದ್ದ ತಂತಿ ಹೀಗೆ ಯಾರನ್ನೂ ದಡದಲ್ಲಿ ನಿಲ್ಲಿಸಲಾರದು. ನನ್ನ ಪಕ್ಷದಲ್ಲಿ ಇಂಥ ರೆಜಿಮೆಂಟುಗಳಿಲ್ಲ, ಎಂಬತ್ತನಾಲ್ಕು ರಸೀದಿಗಳಿವೆ. ಅವಕ್ಕೆ ಬೇರೆ ವಿಭಾಗವಿದೆ.

ಅಟ್ಲಾಂಟಿಕ್ಕಿನವರಿಗೆ ಬಾಳುವ ತಂತಿ ಸಿಕ್ಕಿದ್ದು 1866ರಲ್ಲಿ, ಗ್ರೇಟ್ ಈಸ್ಟರ್ನ್ ಹಡಗಿನಿಂದ. ಎಂಟು ವರ್ಷ ಕಾಯಬೇಕಾಯಿತು. ನಮ್ಮ ಬೀದಿಗೆ ಫೈಬರ್ ‘ಶೀಘ್ರದಲ್ಲಿ’ ಬರುತ್ತದೆಂದು ಭಿತ್ತಿಪತ್ರ ಹಚ್ಚಿದ್ದಾರೆ. ಶೀಘ್ರ ಎಂಬ ಪದವನ್ನು ಲಭ್ಯ ಎಂಬ ಪದದ ಜೊತೆಯಲ್ಲೇ ಇಟ್ಟು ವಿಚಾರಣೆಗೆ ಒಳಪಡಿಸಬೇಕಾಗಿದೆ.

ಈ ನಡುವೆ ಮೂಲೆಯಲ್ಲಿರುವ ರೌಟರನ್ನು ನಾನು ಆರಿಸಿಲ್ಲ. ಆರಿಸಿದರೆ ಸಂಸ್ಥೆಯ ವಾದವನ್ನು ಒಪ್ಪಿಕೊಂಡಂತಾಗುತ್ತದೆ ಎಂಬ ಭಾವನೆ. ಅದರ ವಿದ್ಯುತ್ ದೀಪ ಹಸಿರಾಗಿಯೇ ಇದೆ, ವೈಫೈ ದೀಪ ಮಿನುಗುತ್ತಲೇ ಇದೆ, ಫೋನು ಕಂಪ್ಯೂಟರುಗಳೆಲ್ಲ ಈಗಲೂ ಹಳೆಯ ಅಭ್ಯಾಸದಿಂದ ಅದಕ್ಕೇ ಅಂಟಿಕೊಂಡು, ‘ಸಂಪರ್ಕ ಇದೆ, ಇಂಟರ್ನೆಟ್ ಇಲ್ಲ’ ಎಂದು ತೋರಿಸುತ್ತವೆ. ಪಿಂಗ್ ಮಾಡಿ, ಅಂದರೆ ಜಾಲದ ಒಂದು ವಿಳಾಸವನ್ನು ಕೂಗಿ ಉತ್ತರ ಬರುತ್ತದೆಯೇ ಎಂದು ನೋಡುವ ಚಟ ನನಗಿದೆ. ಮೈಕ್ ಮ್ಯೂಸ್ ಎಂಬವರು 1983ರ ಡಿಸೆಂಬರಿನಲ್ಲಿ, ಜಾಲದ ತೊಂದರೆಯೊಂದನ್ನು ಪತ್ತೆಹಚ್ಚಲು ಬರೆದ ಪುಟ್ಟ ಪ್ರೋಗ್ರಾಂ ಅದು. ಜಲಾಂತರ್ಗಾಮಿಗಳು ಸೋನಾರ್ ಸದ್ದು ಬಿಟ್ಟು ಪ್ರತಿಧ್ವನಿಗೆ ಕಾಯುವ ಬಗೆಯಿಂದ ಅದಕ್ಕೆ ಆ ಹೆಸರು. ಹೊರಜಗತ್ತಿನ ಯಾವ ವಿಳಾಸವನ್ನು ಕೂಗಿದರೂ ಓಗೊಡುವವರಿಲ್ಲ. 127.0.0.1 ಎಂದು ಕೂಗಿದರೆ ಮಾತ್ರ ತಕ್ಷಣ ಉತ್ತರ ಬರುತ್ತದೆ. ಅದು ಕೂಗಿದ ಯಂತ್ರದ ಸ್ವಂತ ವಿಳಾಸ. ನನ್ನ ಕಂಪ್ಯೂಟರು ತನ್ನನ್ನು ತಾನೇ ಕರೆದುಕೊಂಡು, ತಾನೇ ಓ ಎಂದು, ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಸಿಕ್ಕಿದ್ದೇನೆ ಎಂದು ವರದಿ ಕೊಡುತ್ತದೆ. ಇಷ್ಟು ವೇಗವನ್ನು ಈ ಮನೆ ಹಿಂದೆಂದೂ ಕಂಡದ್ದಿಲ್ಲ.

ಸುದ್ದಿ ತಿಳಿದ ಆಪ್ತರಲ್ಲಿ ಮುಕ್ಕಾಲು ಪಾಲು ಜನ ಹೇಳಿದ್ದು ಒಂದೇ ಮಾತು: ಒಳ್ಳೆಯದೇ ಆಯಿತು, ಇನ್ನಾದರೂ ನಾಲ್ಕು ಪುಸ್ತಕ ಓದಬಹುದು. ಅವರಲ್ಲಿ ಒಬ್ಬರೂ ತಮ್ಮ ಮನೆಯ ಸಂಪರ್ಕವನ್ನು ಕಡಿಸಿಕೊಂಡು ಓದಲು ಕುಳಿತದ್ದನ್ನು ನಾನು ನೋಡಿಲ್ಲ. ಈ ಮಾತನ್ನು ಸಂದೇಶವಾಗಿ ಕಳುಹಿಸಿದವರೆಲ್ಲ ಕಳುಹಿಸಿದ್ದು ಇಂಟರ್ನೆಟ್ಟಿನ ಮೂಲಕವೇ, ಮತ್ತು ಅದನ್ನು ಓದಲು ನಾನು ಪ್ರತಿ ಸಲವೂ ಮೊಬೈಲಿಗೆ ಒಂದೂವರೆ ಗೆರೆ ಸಿಗ್ನಲ್ ಸಿಗುವ ಕಿಟಕಿಯ ಎಡಮೂಲೆಗೆ ಎದ್ದುಹೋಗಬೇಕಾಯಿತು. ಪುಸ್ತಕವನ್ನು ನಾನು ಇಂಟರ್ನೆಟ್ ಇದ್ದಾಗಲೂ ಓದುತ್ತಿದ್ದೆ. ಇಲ್ಲದಾಗ ಓದಲಾಗುತ್ತಿಲ್ಲ, ಸಂಸ್ಥೆಗೆ ಬರೆಯಬೇಕಾದ ಪತ್ರಗಳೇ ತಲೆಯಲ್ಲಿ ಸುತ್ತುತ್ತಿರುತ್ತವೆ.

ಆ ಕಿಟಕಿಯ ಮೂಲೆಯಲ್ಲಿ ನಿಂತಿದ್ದಾಗಲೇ ನಿನ್ನೆ ಸಂಸ್ಥೆಯಿಂದ ಒಂದು ಎಸ್ಸೆಮ್ಮೆಸ್ಸು ಬಂದಿತು. ‘ಪ್ರಿಯ ಗ್ರಾಹಕರೇ, ನಮ್ಮ ಸೇವೆ ಹೇಗಿತ್ತು?’ ಎಂದು ಕೇಳಿ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರೆಂದು ತಿಳಿಸಲು ಕೆಳಗೊಂದು ಕೊಂಡಿ ಕೊಟ್ಟಿದ್ದರು. ಹೇಗಿತ್ತು! ಎಂಬತ್ತನಾಲ್ಕು ರಸೀದಿಗಳೂ ಮೂರು ವಿಭಾಗಗಳೂ ನುಡಿಯದ ಭೂತಕಾಲವನ್ನು ಯಾವುದೋ ಯಂತ್ರ ತಾನಾಗಿ ನುಡಿದುಬಿಟ್ಟಿತ್ತು. ಸಂದೇಶವನ್ನು ಅಳಿಸಿಹೋಗದಂತೆ ಎರಡು ಕಡೆ ಉಳಿಸಿಟ್ಟು, ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅವರು ಅದರಲ್ಲಿ ಅಂಥದ್ದೇನಿದೆ ಎಂಬಂತೆ ನೋಡಿ ಹೋದರು. ನಕ್ಷತ್ರ ಎಷ್ಟು ಕೊಡಬೇಕೆಂಬುದನ್ನು ಇನ್ನೂ ತೀರ್ಮಾನಿಸಿಲ್ಲ. ಒಂದಾದರೂ ಕೊಡೋಣವೆಂದು ಕೊಂಡಿಯನ್ನು ಒತ್ತಿದ್ದೇನೆ, ಪುಟ ತೆರೆದುಕೊಳ್ಳುತ್ತಿದೆ.