ಉಂಬಳದ ತರ್ಕ

ಆಷಾಢದಲ್ಲಿ ಆಗುಂಬೆಯ ಕಡೆ ಕಾಡಿಗಿಳಿದವರಿಗೆ ಉಂಬಳವನ್ನು, ಅಂದರೆ ರಕ್ತ ಹೀರುವ ನೆಲದ ಜಿಗಣೆಯನ್ನು, ಪರಿಚಯಿಸಬೇಕಾಗಿಲ್ಲ. ಒದ್ದೆ ತರಗೆಲೆಯ ಮೇಲೆ ಹಿಂಬದಿಯನ್ನು ಊರಿ, ತೆಳ್ಳನೆಯ ಮೈಯನ್ನು ನೆಟ್ಟಗೆ ನಿಲ್ಲಿಸಿ, ಅತ್ತಿತ್ತ ತೂಗುತ್ತಾ ಕಾದಿರುತ್ತದೆ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಸುಳಿವು ಸಿಕ್ಕರೆ ಸಾಕು, ಗೇಣು ಹಾಕುತ್ತಾ ಬಂದುಬಿಡುತ್ತದೆ. ಕಚ್ಚಿದ್ದು ತಿಳಿಯುವುದೇ ಇಲ್ಲ. ಕಾಲು ತೊಳೆಯುವಾಗ ರಕ್ತ ಕಂಡ ಮೇಲೆ ಸುಣ್ಣದ ಡಬ್ಬಿಗೆ ಹುಡುಕಾಟ.

ಇದಕ್ಕೆ ತತ್ತ್ವಶಾಸ್ತ್ರ ಬರುವಂತಿದ್ದರೆ ಏನೆನ್ನುತ್ತಿತ್ತು? ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ, ಬಿಸಿಲು ತಾಗದ ನೆಲ, ಅದರ ಮೇಲೆ ಬರಿಗಾಲಲ್ಲಿ ತೋಟಕ್ಕೆ ಹೋಗುವ ಜನ. ಇಷ್ಟು ಹದವಾದ ಏರ್ಪಾಡು ತಾನಾಗಿಯೇ ಆದೀತೇ? ಸಹ್ಯಾದ್ರಿಯನ್ನು ಮೋಡಕ್ಕೆ ಅಡ್ಡ ನಿಲ್ಲಿಸಿದ್ದೇ ತನಗಾಗಿ ಎಂದು ಸಾಧಿಸುತ್ತಿತ್ತು. ಅದೇ ಮಳೆಯನ್ನು ನಂಬಿಕೊಂಡಿರುವ, ಅಡಿಕೆಯನ್ನು ಕೊಳೆಸುವ ಕೊಳೆರೋಗದ ರೋಗಾಣುವೂ ಪ್ರತಿದಾವೆ ಹೂಡುತ್ತಿತ್ತು. ಅದನ್ನು ತಡೆಯಲು ಬೋರ್ಡೊ ದ್ರಾವಣ ಹೊಡೆಸಿ ಸುಸ್ತಾದ ಅಡಿಕೆ ಬೆಳೆಗಾರನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಬುದ್ಧಿವಂತ ಜೀವಿ ಹುಟ್ಟಲೆಂದೇ ವಿಶ್ವ ಆಗಿದೆ ಎನ್ನುವ ಮನುಷ್ಯನ ವಾದವೂ ಇದೇ ಜಾತಿಯದು, ಮಾತು ಸ್ವಲ್ಪ ನಯ, ಅಷ್ಟೇ. ಹಾಗೆಂದು ನಕ್ಕು ತಳ್ಳಿಹಾಕುವಂತೆಯೂ ಇಲ್ಲ. ನಮ್ಮ ಮೈಯಲ್ಲಿರುವ ಇಂಗಾಲ ನಕ್ಷತ್ರಗಳ ಒಡಲಲ್ಲಿ ಮೂರು ಹೀಲಿಯಂ ನ್ಯೂಕ್ಲಿಯಸ್ಸುಗಳು ಕೂಡಿ ಆದದ್ದು. ಅದು ಸಾಕಷ್ಟು ಪ್ರಮಾಣದಲ್ಲಿ ಆಗಬೇಕಾದರೆ ಇಂಗಾಲದ ನ್ಯೂಕ್ಲಿಯಸ್ಸಿಗೆ ಇಂಥದ್ದೇ ಒಂದು ಶಕ್ತಿಮಟ್ಟ, ಅಂದರೆ ಅದು ನಿಲ್ಲಬಲ್ಲ ಶಕ್ತಿಯ ಒಂದು ಮೆಟ್ಟಿಲು, ಇರಲೇಬೇಕೆಂದು 1953ರಲ್ಲಿ ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಹಟ ಹಿಡಿದರು. ಅಮೆರಿಕದ ಕ್ಯಾಲ್ಟೆಕ್ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದವರು ಅರೆಮನಸ್ಸಿನಿಂದ ಹುಡುಕಿದರು; ಸುಮಾರು 7.65 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನಲ್ಲಿ ಅದು ಸಿಕ್ಕಿಯೇಬಿಟ್ಟಿತು! ಭೌತಶಾಸ್ತ್ರದ ನಿಯಮಗಳಲ್ಲಿ ಯಾವುದೋ ಮಹಾಬುದ್ಧಿ ಕೈಯಾಡಿಸಿರಬೇಕು ಎಂದು ಹಾಯ್ಲ್ ಮುಂದೆ ಬರೆದದ್ದೂ ಉಂಟು.

ನನಗೆ 1973ರಲ್ಲಿ ಭೌತವಿಜ್ಞಾನಿ ಬ್ರಾಂಡನ್ ಕಾರ್ಟರ್ ಮುಂದಿಟ್ಟ ಮಾತು ಹೆಚ್ಚು ರುಚಿಸುತ್ತದೆ. ನೋಡುವವರು ಬದುಕಿರಲು ಆಗುವ ಕಡೆಯಲ್ಲಷ್ಟೇ ನೋಡುವವರು ಇರುತ್ತಾರೆ, ಆದ್ದರಿಂದ ಅವರಿಗೆ ಕಾಣುವುದೆಲ್ಲ ತಮಗೆ ಒಗ್ಗುವ ಜಗತ್ತೇ. ಚಳ್ಳಕೆರೆಯ ಒಣಹೊಲದಲ್ಲಿ ನಿಂತು ಉಂಬಳವೊಂದು ಈ ಪ್ರಶ್ನೆ ಎತ್ತುವುದಿಲ್ಲ.

ಇಷ್ಟಕ್ಕೂ ಹಾಯ್ಲ್ ಲೆಕ್ಕದಲ್ಲಿ ಬುದ್ಧಿಯ ಮಾತೇ ಬರುವುದಿಲ್ಲ. ಆ ಶಕ್ತಿಮಟ್ಟ ಅಡಿಕೆಗೂ ಬೇಕು, ಅದನ್ನು ಕೊಳೆಸುವ ರೋಗಾಣುವಿಗೂ ಬೇಕು. ವಿಶ್ವಕ್ಕೆ 1380 ಕೋಟಿ ವರ್ಷ. ಶಿವಮೊಗ್ಗದ ಸುತ್ತಲಿನ ಬಂಡೆಗಳಿಗೇ 250 ಕೋಟಿ ದಾಟಿದೆ. ನಮ್ಮ ಪ್ರಭೇದದ ಮನುಷ್ಯ ಬಂದು ಸುಮಾರು ಮೂರು ಲಕ್ಷ ವರ್ಷ. ಇಷ್ಟೂ ನಮಗಾಗಿಯೇ ನಡೆದದ್ದಾದರೆ, ಗುತ್ತಿಗೆ ಹಿಡಿದವನು ಬಹಳ ನಿಧಾನಸ್ಥನಿರಬೇಕು.